ರಕ್ತ ತೆಗೆದ ಸಮಯ

ಹೊಸದಾಗಿ ಈ ಕೆಲಸಕ್ಕೆ ಸೇರುವವರು ನನ್ನನ್ನು ಮೊದಲು ಕೇಳುವುದು ಯಾವ ಕೋರ್ಸ್ ಮಾಡಬೇಕು ಎಂದು. ಕೋರ್ಸುಗಳ ವಿಷಯ ನನಗೀಗ ಅಷ್ಟಾಗಿ ತಿಳಿಯದು. ನಿವೃತ್ತಿಯಾಗಿ ಹೆಚ್ಚು ಕಾಲವಾಗಿಲ್ಲ, ಆದರೂ ನನಗೆ ಬಾಯಿಪಾಠವಾಗಿದ್ದ ಕಮಾಂಡುಗಳಲ್ಲಿ ಅರ್ಧ ಆಗಲೇ ಹಳತಾಗಿರಬೇಕು. ಕೆಲಸದ ಒಳಗೆ ಏನಿರುತ್ತದೆ ಎಂಬುದು ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ಅದನ್ನು ಹೇಳಲು ನನ್ನ ಕೊನೆಯ ವರ್ಷಗಳ ಒಂದು ಪ್ರಸಂಗ ಸಾಕು.

ನಾನು ಜಯನಗರದ ಒಂದು ರಕ್ತಪರೀಕ್ಷೆ ಲ್ಯಾಬಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಮುಖ್ಯ ಲ್ಯಾಬ್ ಜಯನಗರದಲ್ಲಿ. ಬನಶಂಕರಿ, ಬಿಟಿಎಂ, ಬೇಗೂರು, ತಲಘಟ್ಟಪುರ ಎಂದು ಊರಿನ ದಕ್ಷಿಣಕ್ಕೆಲ್ಲ ಶಾಖೆಗಳು. ಶಾಖೆಗೆ ಬಂದವರಿಂದ ಅಲ್ಲೇ ರಕ್ತ ತೆಗೆಯುತ್ತಾರೆ, ಬರಲಾಗದವರ ಮನೆಗೇ ಹೋಗಿ ತೆಗೆದು ತರುತ್ತಾರೆ. ಟ್ಯೂಬುಗಳೆಲ್ಲ ಕೊನೆಗೆ ಜಯನಗರಕ್ಕೆ ಬಂದು ಸೇರುತ್ತವೆ.

ನಾನು ಸೇರಿದಾಗ ಸರ್ವರ್ ಇದ್ದದ್ದು ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ. ಮೇಲಿದ್ದ ಎಸಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಳಗೆ ಪ್ಲಾಸ್ಟಿಕ್ ಬಕೆಟ್ ಇಟ್ಟಿದ್ದೆವು. ಅದನ್ನು ಚೆಲ್ಲಿ ಬರುವುದೂ ಡೇಟಾಬೇಸ್ ಕೆಲಸದ ಭಾಗವೇ ಎಂದು ನಾನು ಬಹಳ ದಿನ ನಂಬಿದ್ದೆ. ಹೊಸ ತಂತ್ರಾಂಶ ಹಾಕಬೇಕೆಂದರೆ ಇಡೀ ಭಾನುವಾರ ಹೋಗುತ್ತಿತ್ತು. ಒಂದು ತಂತ್ರಾಂಶಕ್ಕೆ ಬೇಕಾದ ಆವೃತ್ತಿ ಇನ್ನೊಂದಕ್ಕೆ ಆಗದು. ಇದನ್ನು ಸರಿಮಾಡಿದರೆ ಬಿಲ್ಲಿಂಗ್ ಕೆಡುತ್ತಿತ್ತು, ಬಿಲ್ಲಿಂಗ್ ಸರಿಮಾಡಿದರೆ ಪ್ರಿಂಟರ್ ನಿಲ್ಲುತ್ತಿತ್ತು. ಆಮೇಲೆ ಕಂಟೇನರುಗಳು ಬಂದವು. ತಂತ್ರಾಂಶವನ್ನೂ ಅದು ನಡೆಯಲು ಬೇಕಾದ ಸಕಲ ಸರಂಜಾಮನ್ನೂ ಒಟ್ಟಿಗೆ ಕಟ್ಟಿಟ್ಟ ಡಬ್ಬಿ ಎಂದುಕೊಳ್ಳಿ. ಅದನ್ನು ಯಾವ ಯಂತ್ರದಲ್ಲಿಟ್ಟರೂ ಹಾಗೇ ನಡೆಯುತ್ತದೆ, ಪಕ್ಕದ ಡಬ್ಬಿಗೆ ತೊಂದರೆ ಕೊಡುವುದಿಲ್ಲ. ಕೆಟ್ಟರೆ ಬಿಸಾಡಿ ಹೊಸದನ್ನು ಎಬ್ಬಿಸಬಹುದು. ಮೊದಲ ಸಲ ನೋಡಿದಾಗ ನನ್ನ ಎಷ್ಟೋ ಭಾನುವಾರಗಳು ಕಣ್ಣ ಮುಂದೆ ಬಂದು ಹೊಟ್ಟೆ ಉರಿದಿತ್ತು.

ನಮ್ಮ ವಿಭಾಗದ ಮುಖ್ಯಸ್ಥೆ ಸುಧಾಮಣಿ. ನನಗಿಂತ ಚಿಕ್ಕವರು. ದನಿ ಎತ್ತರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಒಮ್ಮೆ ನಿರ್ದೇಶಕರ ಮುಂದೆ, ಹೋದ ತಿಂಗಳು ಎಷ್ಟು ರೋಗಿಗಳು ಬಂದರು ಎಂಬ ಪ್ರಶ್ನೆಗೆ ಬಿಲ್ಲಿಂಗ್‌ನವರು ಒಂದು ಸಂಖ್ಯೆ ಹೇಳಿದರು, ಲ್ಯಾಬಿನವರು ಇನ್ನೊಂದು ಹೇಳಿದರು. ಎರಡೂ ಸರಿಯೇ. ಒಬ್ಬರು ಒಂದೊಂದು ಬಿಲ್ಲನ್ನು ಒಬ್ಬ ರೋಗಿ ಎಂದಿದ್ದರು, ಇನ್ನೊಬ್ಬರು ರಕ್ತ ಕೊಟ್ಟವರನ್ನು ಮಾತ್ರ ರೋಗಿ ಎಂದಿದ್ದರು. ನಿರ್ದೇಶಕರು ಸ್ವತಃ ವೈದ್ಯರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಮ್ಮ ಹತ್ರ ಏನಿದೆ ಅಂತ ನಮಗೇ ಗೊತ್ತಿಲ್ವಲ್ಲಮ್ಮ" ಎಂದರು.

ಸುಧಾಮಣಿ ನನ್ನ ಮೇಜಿನ ಬಳಿ ಬಂದು ಕೂತರು. "ವಿಜಯಾ ಮೇಡಂ, ಒಂದು ಡೇಟಾ ಕ್ಯಾಟಲಾಗ್ ಹಾಕೋಣ. ಯಾವ ಟೇಬಲ್ ಎಲ್ಲಿದೆ, ಯಾವ ಕಾಲಂ ಅಂದ್ರೆ ಏನು, ಅದ್ಕೆ ಯಾರು ಜವಾಬ್ದಾರಿ, ಎಲ್ಲಾ ಒಂದೇ ಕಡೆ ಸಿಗ್ಬೇಕು. ನೀವು ಮತ್ತೆ ಪ್ರಶಾಂತ್ ಸೇರಿ ಮಾಡಿ."

ಪ್ರಶಾಂತ್ ಗುತ್ತಿಗೆಯ ಮೇಲೆ ಬಂದಿದ್ದ ಎಂಜಿನಿಯರ್. ಎರಡು ಮಕ್ಕಳ ತಂದೆ. ಕೀಬೋರ್ಡ್ ಮೇಲೆ ಬೆರಳು ಓಡುವ ವೇಗ ನೋಡಿದರೆ ನಮಗೆ ಸುಸ್ತಾಗುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ಇಬ್ಬರೂ ಕೂತು ಕ್ಯಾಟಲಾಗ್ ಎಬ್ಬಿಸಿದೆವು. ಅದು ಒಂದೇ ಡಬ್ಬಿಯಲ್ಲ. ಪುಟ ತೋರಿಸುವುದು ಒಂದು, ಹುಡುಕುವುದು ಒಂದು, ಬರೆದದ್ದನ್ನು ಇಟ್ಟುಕೊಳ್ಳುವ ಡೇಟಾಬೇಸ್ ಒಂದು, ನಮ್ಮ ಹಳೆಯ ಡೇಟಾಬೇಸುಗಳಿಗೆ ಹೋಗಿ ಟೇಬಲ್ ಎಂಬ ಮಾಹಿತಿ ಕೋಷ್ಟಕಗಳ, ಅವುಗಳ ಕಾಲಂಗಳ ಹೆಸರು ಹೆಕ್ಕಿ ತರುವುದು ಇನ್ನೊಂದು. ಯಾವ ಡಬ್ಬಿಯನ್ನು ಹೇಗೆ ಎಬ್ಬಿಸಬೇಕು ಎಂದು ಬರೆದಿದ್ದ ಮಾದರಿ ಕಡತವೊಂದನ್ನು ಜಾಲದಿಂದ ಇಳಿಸಿಕೊಂಡು ಪ್ರಶಾಂತ್ ಒಂದೇ ಕಮಾಂಡಿಗೆ ಎಲ್ಲವನ್ನೂ ಎಬ್ಬಿಸಿಬಿಟ್ಟ.

ಎದ್ದವು, ಮತ್ತೆ ಬಿದ್ದವು. ಹುಡುಕುವ ಕಂಟೇನರ್ ಏಳುವುದು, ಸ್ವಲ್ಪ ಹೊತ್ತು ನಡೆಯುವುದು, ಸದ್ದಿಲ್ಲದೆ ಸಾಯುವುದು. ಪ್ರಶಾಂತ್ ಮತ್ತೆ ಮತ್ತೆ ಎಬ್ಬಿಸಿದ. ಪಕ್ಕದಲ್ಲಿ ಯಂತ್ರ ತಾನೇ ಬರೆದಿಡುವ ಲಾಗ್ ಓದುತ್ತಿದ್ದ ನಾನು, ನಮಗೆ ಕೊಟ್ಟಿದ್ದ ಯಂತ್ರದ ಮೆಮೊರಿಯೇ ಸಾಲದು ಎಂದೆ. ಸೋಮವಾರ ಸುಧಾಮಣಿ ಬೇರೆ ಯಂತ್ರ ಕೊಡಿಸಿದರು. ಅದರಲ್ಲಿ ಎಲ್ಲವೂ ನಿಂತಿತು. ಅವರು ಬಂದು ಕೂತು, ತಂತ್ರಾಂಶದ ಜೊತೆ ಬಂದ ಮೂಲ ಪಾಸ್‌ವರ್ಡನ್ನೇ ಟೈಪ್ ಮಾಡಿದರು, ಕ್ಯಾಟಲಾಗಿನ ಬಾಗಿಲು ತೆರೆಯಿತು. ಪ್ರಶಾಂತನ ಮುಖ ನೋಡಿ ಎದ್ದುಹೋದರು. ಆ ಸಂಜೆಯೊಳಗೆ ಪಾಸ್‌ವರ್ಡ್ ಬದಲಾಯಿತು.

ಇಲ್ಲಿಯವರೆಗಿನದು ಸುಲಭದ ಭಾಗ ಎಂದು ಹೊಸಬರಿಗೆ ಹೇಳುತ್ತೇನೆ. ಕ್ಯಾಟಲಾಗ್ ಎದ್ದು ನಿಂತಾಗ ಅದರಲ್ಲಿ ಬರೀ ಹೆಸರುಗಳಿದ್ದವು. ಹೆಸರಿನ ಪಕ್ಕ ಅರ್ಥ ಬರೆಯಬೇಕಾದ ಜಾಗವೆಲ್ಲ ಖಾಲಿ. ಅದನ್ನು ತುಂಬಲು ಮನುಷ್ಯರೇ ಬೇಕು, ಮನುಷ್ಯರಿಗೆ ಅವರದೇ ಕೆಲಸವಿರುತ್ತದೆ.

ಒಪ್ಪಿಕೊಂಡವರು ಪದ್ಮಾವತಿ. ಲ್ಯಾಬಿನ ಗುಣಮಟ್ಟ ನೋಡಿಕೊಳ್ಳುವವರು, ಮನೆಗೆ ಹೋಗಿ ರಕ್ತ ತರುವವರ ಉಸ್ತುವಾರಿಯೂ ಅವರದೇ. ಪ್ರತಿ ಸಂಜೆ ಕೆಲಸ ಮುಗಿಸಿ, ಬನಶಂಕರಿಗೆ ಬಸ್ ಹಿಡಿಯುವ ಮುಂಚೆ ಕೂತು ಒಂದೊಂದೇ ಕಾಲಂಗೆ ಅರ್ಥ ಬರೆದರು. ವಾರಗಟ್ಟಲೆ ಬರೆದರು. ಅವರ ಬರವಣಿಗೆ ಚೊಕ್ಕ. ನಾನು ಓದಿ, ಇಷ್ಟು ವರ್ಷ ಈ ಡೇಟಾಬೇಸನ್ನು ಕಾಯುತ್ತಿದ್ದರೂ ಒಳಗೇನಿದೆ ಎಂದು ಈಗ ತಿಳಿಯುತ್ತಿದೆ ಅಂದುಕೊಂಡೆ.

ಅದೇ ದಿನಗಳಲ್ಲಿ ಲ್ಯಾಬಿನಲ್ಲಿ ಇನ್ನೊಂದು ವಿಷಯ ನಡೆಯುತ್ತಿತ್ತು. ರತ್ನ ಎಂಬ ಮಹಿಳೆ ತಲಘಟ್ಟಪುರ ಶಾಖೆಯಿಂದ ಸ್ಕೂಟರಿನಲ್ಲಿ ಮನೆಮನೆಗೆ ಹೋಗಿ ರಕ್ತ ತರುತ್ತಿದ್ದರು. ರಕ್ತ ತೆಗೆದ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಕೆಲವು ಪರೀಕ್ಷೆಗಳು ತಪ್ಪು ತೋರಿಸುತ್ತವೆ. ಪೊಟ್ಯಾಸಿಯಂ ಅಂಥದ್ದು. ಆದ್ದರಿಂದ, ತಡವಾಗಿ ಬಂದ ರಕ್ತದ ಮಾದರಿಯನ್ನು ಕಂಪ್ಯೂಟರೇ ತಿರಸ್ಕರಿಸಲಿ ಎಂದು ಆಗಷ್ಟೇ ನಿಯಮ ಹಾಕಿದ್ದರು. ನಿಯಮ ಬಂದ ಮೇಲೆ ರತ್ನ ತಂದ ಮಾದರಿಗಳು ಒಂದಾದ ಮೇಲೊಂದು ತಿರಸ್ಕೃತವಾದವು. ಅವರು ಅದೇ ಮನೆಗಳಿಗೆ ಹೋಗಿ ಇನ್ನೊಮ್ಮೆ ಸೂಜಿ ಚುಚ್ಚಬೇಕಾಯಿತು. ತಿಂಗಳ ವರದಿಯಲ್ಲಿ ಅವರ ಹೆಸರಿನ ಸಾಲು ಕೆಂಪಾಗಿ ಬಂತು. ದಾರಿಯಲ್ಲಿ ಸ್ವಂತ ಕೆಲಸ ಮಾಡಿಕೊಂಡು ಬರುತ್ತಾರೆ ಎಂದು ಮೇಲಿನವರು ತೀರ್ಮಾನಿಸಿದರು. ನೋಟಿಸ್ ಕೊಟ್ಟರು. ಇನ್ನೊಂದು ತಿಂಗಳು ಹೀಗೇ ಆದರೆ ಕೆಲಸ ಇಲ್ಲ.

ರತ್ನ ಪದ್ಮಾವತಿಯವರ ಬಳಿ ಬಂದು ನಿಂತಾಗ ನಾನೂ ಅಲ್ಲಿದ್ದೆ.

"ಮೇಡಂ, ನಾನು ಎಲ್ಲೂ ನಿಲ್ಲಲ್ಲ. ಬೆಳಗ್ಗೆ ತೆಗೀತೀನಿ, ಸೀದಾ ತಂದು ಕೊಡ್ತೀನಿ. ಟ್ರಾಫಿಕ್ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ ಅಷ್ಟೊಂದು ಲೇಟ್ ಹೇಗಾಗತ್ತೆ?"

"ಸಿಸ್ಟಂನಲ್ಲಿ ಹಾಗೆ ಬರ್ತಿದೆ ರತ್ನ" ಎಂದರು ಪದ್ಮಾವತಿ. "ನಾನೇನು ಮಾಡ್ಲಿ ಹೇಳು."

ರತ್ನ ಬ್ಯಾಗ್ ಹೆಗಲಿಗೇರಿಸಿಕೊಂಡು ಹೊರಟರು. ಸಿಸ್ಟಂ ಎಂದ ಮೇಲೆ ಮಾತು ಮುಗಿಯಿತು ಎಂಬುದು ಅವರಿಗೂ ಅಭ್ಯಾಸವಾಗಿತ್ತು.

ಮುಂದಿನ ವಾರ ಕ್ಯಾಟಲಾಗಿನ ಹೊಸ ಆವೃತ್ತಿ ಬಂತು. ಪ್ರಶಾಂತ್ ಮಾಮೂಲಿನಂತೆ ಹಳೆಯ ಕಂಟೇನರುಗಳನ್ನು ಇಳಿಸಿ, ಅಳಿಸಿ, ಹೊಸವುಗಳನ್ನು ಎಬ್ಬಿಸಿದ. ಪುಟ ತೆರೆಯಿತು. ಟೇಬಲ್ಲುಗಳ ಹೆಸರುಗಳೆಲ್ಲ ಇದ್ದವು. ಪದ್ಮಾವತಿ ಬರೆದ ಒಂದು ಅಕ್ಷರವೂ ಇರಲಿಲ್ಲ.

ಕಂಟೇನರ್ ಬಿಸಾಡಿ ಹೊಸದನ್ನು ಎಬ್ಬಿಸಬಹುದು ಎಂದೆನಲ್ಲ, ಅದಕ್ಕೊಂದು ಕರಾರಿದೆ. ಉಳಿಯಬೇಕಾದದ್ದನ್ನು ಡಬ್ಬಿಯ ಹೊರಗೆ, ಯಂತ್ರದ ಡಿಸ್ಕಿನಲ್ಲಿ ಒಂದು ಜಾಗ ಗೊತ್ತುಮಾಡಿ ಇಡಬೇಕು. ಅದಕ್ಕೆ ವಾಲ್ಯೂಮ್ ಎನ್ನುತ್ತಾರೆ. ಮಾದರಿ ಕಡತ ತಂತ್ರಾಂಶವನ್ನು ಪ್ರಯೋಗಿಸಿ ನೋಡುವವರಿಗೆಂದು ಬರೆದದ್ದು. ಅದರಲ್ಲಿ ವಾಲ್ಯೂಮ್ ಗೊತ್ತುಮಾಡುವ ಸಾಲು ಇರಲಿಲ್ಲ. ಬರೆದದ್ದೆಲ್ಲ ಡಬ್ಬಿಯ ಒಳಗೇ ಇತ್ತು, ಡಬ್ಬಿಯ ಜೊತೆಗೇ ಹೋಯಿತು. ನಮ್ಮ ನಿತ್ಯದ ಬ್ಯಾಕಪ್‌ಗೆ ಈ ಯಂತ್ರವನ್ನು ಇನ್ನೂ ಸೇರಿಸಿರಲಿಲ್ಲ.

ಪ್ರಶಾಂತನ ಬೆರಳು ನಿಂತದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. "ಮೇಡಂ, ಹೋಯ್ತು" ಎಂದ. ಇಬ್ಬರೂ ಎದ್ದು ಹೋಗಿ ಸುಧಾಮಣಿಯವರಿಗೆ ತಿಳಿಸಿದೆವು.

ಪದ್ಮಾವತಿಗೆ ಹೇಳಲು ಸುಧಾಮಣಿ ತಾವೇ ಹೊರಟರು. ನಾವಿಬ್ಬರೂ ಹಿಂದೆ ಹೋದೆವು. ಲ್ಯಾಬಿನ ಗಾಜಿನ ಬಾಗಿಲ ಹೊರಗೆ ನಿಂತು, "ಮೇಡಂ, ನೀವು ಬರೆದಿದ್ದೆಲ್ಲ ನಮ್ಮಿಂದ ಅಳಿಸಿಹೋಗಿದೆ. ವಾಪಸ್ ಬರಲ್ಲ" ಎಂದರು. ನಮ್ಮಿಂದ ಎಂದರು. ಪ್ರಶಾಂತನ ಹೆಸರು ಆ ದಿನವೂ ಬರಲಿಲ್ಲ, ಆಮೇಲೆ ನಿರ್ದೇಶಕರ ಮುಂದೆಯೂ ಬರಲಿಲ್ಲ. ನನಗೆ ಹಲವು ಮೇಲಧಿಕಾರಿಗಳು ಸಿಕ್ಕಿದ್ದಾರೆ. ಬಹಳ ಮಂದಿ ಇಂಥ ವಾಕ್ಯವನ್ನು ಬೇರೆಯವರ ಹೆಸರಿನಿಂದ ಶುರುಮಾಡುತ್ತಿದ್ದರು.

ಪದ್ಮಾವತಿ ಕೈಗವಸು ತೆಗೆದು ಬುಟ್ಟಿಗೆ ಹಾಕಿದರು. ಮುಖ ಕೆಂಪಾಗಿತ್ತು. "ನನ್ ಸಂಜೆಗಳು" ಎಂದಷ್ಟೇ ಹೇಳಿ ಒಳಗೆ ಹೋದರು.

ಕೆಲವು ದಿನ ಅವರು ನಮ್ಮತ್ತ ತಿರುಗಲಿಲ್ಲ. ಪ್ರಶಾಂತ್ ವಾಲ್ಯೂಮುಗಳನ್ನು ಸರಿಯಾಗಿ ಕಟ್ಟಿದ, ಬ್ಯಾಕಪ್‌ಗೆ ಸೇರಿಸಿದ. ಅದು ಸಾಲದೆಂದು ತಾನೇ ಒಂದು ಮಾತು ಬರೆದು, ಕಂಟೇನರುಗಳನ್ನು ಅಳಿಸಿ, ಬೇರೆ ಯಂತ್ರದಲ್ಲಿ ಬ್ಯಾಕಪ್‌ನಿಂದ ಎಬ್ಬಿಸಿ, ಆ ಮಾತು ಅಲ್ಲಿದೆಯೇ ಎಂದು ನೋಡಿದ. ಇತ್ತು. ಅದನ್ನು ಮತ್ತೊಂದು ದಿನ ಇನ್ನೊಮ್ಮೆ ಮಾಡಿದ. ನಾನು ಕೇಳದೆಯೇ ಮಾಡಿದ. ಮರಳಿ ಎಬ್ಬಿಸಿ ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಕರೆಯಬೇಡಿ ಎಂದು ನಾನು ಹೊಸಬರಿಗೆ ಹೇಳುವುದು ಅವನನ್ನು ನೋಡಿಯೇ.

ಒಂದು ಬೆಳಗ್ಗೆ ಪದ್ಮಾವತಿಯವರೇ ಬಂದರು.

"ಮತ್ತೆ ಬರೀತೀನಿ. ಆದ್ರೆ ಮೊದಲಿನ ಹಾಗೆ ಬರೆಯಲ್ಲ. ಆವಾಗ ನಂಗೆ ಗೊತ್ತಿದ್ದನ್ನ ಸೀಟಲ್ಲಿ ಕೂತು ಬರೆದೆ. ಈ ಸಲ ಆ ಕಾಲಂನ ಯಾರು ತುಂಬ್ತಾರೋ ಅವ್ರ ಹತ್ರ ಹೋಗಿ, ನೋಡಿ, ಬರೀತೀನಿ. ಎರಡನೇ ಸಲ ಅದೇ ಮಾಡೋಕೆ ನಂಗೆ ಬೇಜಾರು. ನೀವೂ ಬರ್ಬೇಕು."

ಹೀಗೆ ನಾವಿಬ್ಬರೂ ಶಾಖೆಗಳನ್ನು ಸುತ್ತತೊಡಗಿದೆವು. ಬೇಗೂರಿನಲ್ಲಿ, ಬಿಟಿಎಂನಲ್ಲಿ ಬಿಲ್ಲಿಂಗ್ ಮೇಜಿನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು, ಅವರು ಏನೇನು ಒತ್ತುತ್ತಾರೆ ಎಂದು ನೋಡಿದೆವು. ನನ್ನ ವೃತ್ತಿಯಲ್ಲಿ ಅಷ್ಟು ಕಲಿತ ದಿನಗಳು ಬೇರೆ ಇಲ್ಲ. ಟೇಬಲ್ಲುಗಳನ್ನು ನಾನೇ ಕಟ್ಟಿದ್ದೆ, ಅವುಗಳೊಳಗೆ ಅಕ್ಷರಗಳು ಹೇಗೆ ಬಂದು ಬೀಳುತ್ತವೆ ಎಂಬುದನ್ನು ಕೂತು ನೋಡಿರಲಿಲ್ಲ.

ತಲಘಟ್ಟಪುರದಲ್ಲಿ ಬಿಲ್ಲಿಂಗ್‌ಗೆ ಕೂರುತ್ತಿದ್ದಾಕೆ ಶೋಭಾ. ಪದ್ಮಾವತಿ ತಮ್ಮ ಪಟ್ಟಿಯಲ್ಲಿದ್ದ ಮುಂದಿನ ಕಾಲಂ ಕೇಳಿದರು. ಅದರ ಹೆಸರು ಕಲೆಕ್ಷನ್ ಟೈಮ್. ಮೊದಲ ಸಲ ಅವರು ಅದರ ಮುಂದೆ 'ರೋಗಿಯ ರಕ್ತ ತೆಗೆದ ಸಮಯ' ಎಂದು ಬರೆದಿದ್ದರು. ಬೇರೆ ಏನು ಬರೆಯಲಿಕ್ಕಿದೆ?

"ಈ ಟೈಮ್ ನೀವು ಯಾವಾಗ ಹಾಕ್ತೀರಮ್ಮ?"

"ನಾನು ಹಾಕಲ್ಲ ಮೇಡಂ. ಬಿಲ್ ಬಟನ್ ಒತ್ತಿದ್ರೆ ಅದೇ ಬಂದ್ಬಿಡತ್ತೆ."

"ಮನೆಗೆ ಹೋಗಿ ರಕ್ತ ತಗೊಳ್ಳೋದಿದ್ರೆ? ಆಗ ಬಿಲ್ ಯಾವಾಗ?"

"ಹಿಂದಿನ್ ದಿನ ಸಾಯಂಕಾಲನೇ ಮೇಡಂ. ಇಲ್ಲಿ ಮನೆಗಳು ದೂರ ದೂರ. ಬೆಳಗ್ಗೆ ಅಲ್ಲಿ ನಿಂತು ಬಿಲ್ ಮಾಡ್ತಾ ಕೂತ್ರೆ ರತ್ನಕ್ಕಂಗೆ ಲೇಟಾಗತ್ತಲ್ಲ, ಅದ್ಕೆ ನಾವೇ ಮುಂಚೆ ಮಾಡಿ ಟ್ಯೂಬಿಗೆ ಅಂಟಿಸೋ ಸ್ಟಿಕ್ಕರ್ ಕೊಟ್ಟು ಕಳಿಸ್ತೀವಿ. ಎರಡನೇ ಸಲ ತೆಗೆಯೋಕೆ ಹೋಗೋದಾದ್ರೆ ಮಾತ್ರ ಅವತ್ತೇ ಹೊಸ ಬಿಲ್."

ಪದ್ಮಾವತಿಯ ಪೆನ್ನು ನಿಂತಿತು. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ರತ್ನ ಅವರಿಗೆ ತಡವಾಗದಿರಲಿ ಎಂದು ಆ ಶಾಖೆಯವರು ಮಾಡಿದ್ದ ಉಪಕಾರ ಅದು. ಬೇರೆ ಶಾಖೆಗಳವರು ರೋಗಿಯ ಮನೆಯಲ್ಲೇ ಮೊಬೈಲಿನಲ್ಲಿ ಬಿಲ್ ಮಾಡುತ್ತಿದ್ದರು. ಅವರಲ್ಲಿ ಬಿಲ್ಲಿನ ಸಮಯಕ್ಕೂ ರಕ್ತ ತೆಗೆದ ಸಮಯಕ್ಕೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ರತ್ನ ಬೆಳಗ್ಗೆ ತೆಗೆದ ರಕ್ತ ಮಾತ್ರ ಲೆಕ್ಕದಲ್ಲಿ ಹಿಂದಿನ ಸಂಜೆಯದಾಗಿತ್ತು.

ಜಯನಗರಕ್ಕೆ ಮರಳಿದವರೇ ಪ್ರಶಾಂತನನ್ನು ಕೂರಿಸಿ ಕ್ಯಾಟಲಾಗ್ ತೆಗೆಸಿದೆವು. ಒಂದು ಕಾಲಂನಿಂದ ಯಾವ ಯಾವ ವರದಿಗಳು ಹುಟ್ಟುತ್ತವೆ ಎಂದು ಗೆರೆ ಎಳೆದು ತೋರಿಸುವ ಸೌಲಭ್ಯ ಅದರಲ್ಲಿದೆ. ಕಲೆಕ್ಷನ್ ಟೈಮ್ ಮೇಲೆ ಒತ್ತಿದರೆ ಗೆರೆಗಳು ಹೊರಟವು. ಒಂದು, ಮಾದರಿ ತಿರಸ್ಕರಿಸುವ ನಿಯಮಕ್ಕೆ. ಇನ್ನೊಂದು, ಸಾಲುಗಳನ್ನು ಕೆಂಪು ಮಾಡುವ ತಿಂಗಳ ವರದಿಗೆ. ವರದಿಯಲ್ಲಿ ಸರಾಸರಿ ವಿಳಂಬ ಮಾತ್ರ ಇತ್ತು, ಅದರ ಹಿಂದಿನ ಒಂದೊಂದು ಸಾಲನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಪ್ರಶಾಂತ್ ಬಿಚ್ಚಿದ. ರತ್ನ ಅವರ ತಿರಸ್ಕೃತ ಮಾದರಿಗಳ ಎಲ್ಲ ಸಾಲುಗಳಲ್ಲೂ ರಕ್ತ ತೆಗೆದದ್ದು ಸಂಜೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾಡುವ ಪರೀಕ್ಷೆಗಳೂ ಸಂಜೆ.

"ನಾನು ಅವಳಿಗೆ ಸಿಸ್ಟಂನಲ್ಲಿ ಹಾಗೆ ಬರ್ತಿದೆ ಅಂದೆ" ಎಂದರು ಪದ್ಮಾವತಿ, ಯಾರನ್ನೂ ನೋಡದೆ.

ನಿರ್ದೇಶಕರು ಎಲ್ಲವನ್ನೂ ಕೇಳಿ ನೋಟಿಸ್ ಹಿಂದಕ್ಕೆ ಪಡೆದರು, ನಿಯಮವನ್ನು ನಿಲ್ಲಿಸಿದರು. ಕಾಲಂನ ಹೆಸರನ್ನೇ ಬದಲಾಯಿಸಿ ಎಂದರು. ಅದು ನಮ್ಮಿಂದ ಆಗಲಿಲ್ಲ. ಎಷ್ಟೋ ಹಳೆಯ ಪ್ರೋಗ್ರಾಮುಗಳು ಆ ಹೆಸರನ್ನು ನೆಚ್ಚಿಕೊಂಡಿದ್ದವು. ನಿಜವಾದ ಸಮಯಕ್ಕೆ ಬೇರೆ ಕಾಲಂ ಸೇರಿಸಿ, ರಕ್ತ ತೆಗೆದವರೇ ಮೊಬೈಲಿನಲ್ಲಿ ಒತ್ತುವಂತೆ ಮಾಡಿದೆವು. ಹಳೆಯದರ ಮುಂದೆ ಪದ್ಮಾವತಿ ಕ್ಯಾಟಲಾಗಿನಲ್ಲಿ ಬರೆದರು: 'ಇದು ಬಿಲ್ ಮಾಡಿದ ಸಮಯ. ಹೆಸರು ನೋಡಿ ಮೋಸಹೋಗಬೇಡಿ.' ನಾನು ನೋಡಿದ ತಾಂತ್ರಿಕ ವಿವರಣೆಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ.

ರತ್ನ ಅವರನ್ನು ಕರೆಸಿ ಪದ್ಮಾವತಿ ವಿಷಯ ತಿಳಿಸಿದರು. ಕ್ಷಮೆ ಕೇಳಿದರು. ರತ್ನ ಹೆಗಲ ಬ್ಯಾಗ್ ಇಳಿಸದೆ ನಿಂತೇ ಕೇಳಿಸಿಕೊಂಡರು.

"ನೋಟಿಸ್ ವಾಪಸ್ ತಗೊಂಡಿದ್ದು ಸರಿ ಮೇಡಂ. ಆದ್ರೆ ಎರಡೆರಡು ಸಲ ಚುಚ್ಚಿದ್ನಲ್ಲ, ಆ ಮನೆಯವ್ರಿಗೆಲ್ಲ ನಂದೇ ತಪ್ಪು, ಲೇಟಾಯ್ತು ಅಂತ ಹೇಳಿದೀನಿ. ನೀವೇ ಹಾಗೆ ಹೇಳು ಅಂದಿದ್ರಿ. ಈಗ ಅವ್ರಿಗೆ ಯಾರು ಹೇಳ್ತಾರೆ?"

ನಿರ್ದೇಶಕರಿಗೆ ಇದು ಇಷ್ಟವಾಗಲಿಲ್ಲ. ಹಳೆಯದನ್ನು ಕೆದಕಿದರೆ ಲ್ಯಾಬಿನ ಹೆಸರು ಕೆಡುತ್ತದೆ ಎಂದರು. ಸುಧಾಮಣಿ ತಮ್ಮ ಎಂದಿನ ತಗ್ಗಿದ ದನಿಯಲ್ಲಿ, "ಸರ್, ಹೆಸರು ಈಗ ರತ್ನಂದು ಕೆಟ್ಟಿದೆ" ಎಂದರು. ಕೊನೆಗೆ ಎಲ್ಲರಿಗೂ ಫೋನ್ ಮಾಡಿ ಹೇಳುವುದೆಂದಾಯಿತು. ಒಂದು ಮನೆಗೆ ಮಾತ್ರ ನೀವೇ ಬರಬೇಕು ಎಂದು ರತ್ನ ಪಟ್ಟು ಹಿಡಿದರು. ಅವರ ಜೊತೆ ಪದ್ಮಾವತಿಯೂ ನಾನೂ ಹೋದೆವು.

ಕನಕಪುರ ರಸ್ತೆಯಿಂದ ಒಳಗೆ ಹೋದರೆ ಮೂರಂತಸ್ತಿನ ಮನೆ. ಮೇಲಿನವನ್ನೆಲ್ಲ ಬಾಡಿಗೆಗೆ ಕೊಟ್ಟು ಕೆಳಗೆ ಚಿಕ್ಕಣ್ಣನವರೂ ಅವರ ಹೆಂಡತಿ ಲಕ್ಷ್ಮಮ್ಮನವರೂ ಇದ್ದರು. ಲಕ್ಷ್ಮಮ್ಮನವರಿಗೆ ಕಿಡ್ನಿ ತೊಂದರೆ, ಪೊಟ್ಯಾಸಿಯಂ ಆಗಾಗ ನೋಡಬೇಕಿತ್ತು. ನಮ್ಮನ್ನು ಕಂಡು ಚಿಕ್ಕಣ್ಣನವರು ಗೇಟಿನಲ್ಲೇ ನಿಂತರು. ಹಿಂದಿದ್ದ ರತ್ನ ಅವರನ್ನು ನೋಡಿ, "ಈಯಮ್ಮನ್ನ ಕಳಿಸ್ಬೇಡಿ ಅಂತ ಹೇಳಿದ್ನಲ್ಲ" ಎಂದರು.

ಪದ್ಮಾವತಿ ನಡೆದದ್ದನ್ನು ಹೇಳಿದರು. ತಪ್ಪು ರತ್ನ ಅವರದಲ್ಲ, ನಮ್ಮ ಕಂಪ್ಯೂಟರಿನಲ್ಲಿ ಸಮಯ ತಪ್ಪಾಗಿ ಬರುತ್ತಿತ್ತು, ನಾವು ಅವರ ಮಾತು ನಂಬಲಿಲ್ಲ, ನೀವು ಕೊಟ್ಟ ಮೊದಲನೇ ರಕ್ತವೇ ಸರಿಯಾಗಿತ್ತು ಎಂದರು.  ಒಳಗೆ ಮಂಚದ ಮೇಲೆ ಕೂತಿದ್ದ ಲಕ್ಷ್ಮಮ್ಮ ಎಲ್ಲ ಕೇಳಿಸಿಕೊಂಡಿದ್ದರು.

"ಚುಚ್ಚಿದ್ದು ನಂಗೇನ್ ನೋವಾಗ್ಲಿಲ್ಲ ಕಣಮ್ಮ. ಅವತ್ತು ಇವ್ರು ಆ ಹುಡುಗೀನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಬೈದ್ರು ನೋಡು, ಬಾಡಿಗೆ ಮನೆಯವ್ರೆಲ್ಲ ಮೆಟ್ಲು ಮೇಲೆ ನಿಂತು ನೋಡ್ತಿದ್ರು. ಕಳ್ಳಿ ಅಂದ್ಬಿಟ್ರು."

ಚಿಕ್ಕಣ್ಣನವರು ಗೇಟು ಬಿಟ್ಟು ಪಕ್ಕಕ್ಕೆ ಸರಿದರು. ಒಳಗಿಂದ ಒಂದು ಕುರ್ಚಿ ತಂದು ರತ್ನ ಅವರ ಮುಂದೆ ಹಾಕಿ, "ಕೂತ್ಕೊಳ್ಳಮ್ಮ. ತಪ್ಪಾಯ್ತು ನಂದು" ಎಂದರು. ರತ್ನ ಕೂತರು. ಕಾಫಿ ಬಂತು, ಕುಡಿದರು. ಲಕ್ಷ್ಮಮ್ಮನವರ ಊಟ, ಔಷಧಿಯ ವಿಚಾರ ಕೇಳಿದರು. ಎಲ್ಲವೂ ಸರಿಹೋಯಿತು ಎಂದೇ ನಾನು ಅಂದುಕೊಂಡು ಬಂದೆ.

ಮುಂದಿನ ವಾರ ಚಿಕ್ಕಣ್ಣನವರು ಲ್ಯಾಬಿಗೆ ಫೋನ್ ಮಾಡಿ, ರಕ್ತ ತಗೊಳ್ಳೋಕೆ ರತ್ನಮ್ಮನವರನ್ನೇ ಕಳಿಸಿ ಎಂದು ಕೇಳಿದರು. ಪದ್ಮಾವತಿ ಸಂತೋಷದಿಂದ ರತ್ನ ಅವರಿಗೆ ತಿಳಿಸಿದರು.

ರತ್ನ ಬ್ಯಾಗಿನಲ್ಲಿ ಟ್ಯೂಬುಗಳನ್ನು ಜೋಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅವ್ರ ಮೇಲೆ ನಂಗೆ ಕೋಪ ಇಲ್ಲ ಮೇಡಂ. ಆ ಮನೆಗೆ ಮಾತ್ರ ಬೇರೆ ಯಾರನ್ನಾದ್ರೂ ಹಾಕಿ."

ಪದ್ಮಾವತಿ ಕಾರಣ ಕೇಳಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಆ ಮನೆಯನ್ನು ಬೇರೆಯವರ ದಾರಿಗೆ ಸೇರಿಸಿದರು. ರತ್ನ ಬ್ಯಾಗಿನ ಜಿಪ್ ಎಳೆದುಕೊಂಡು ಸ್ಕೂಟರಿನ ಕಡೆಗೆ ಹೊರಟರು.